ಕೊನೆಯ ಸಾಲಿಗೆ ಹೋಗಬೇಕಾದ ಮೈಕು

ಕಳೆದ ತಿಂಗಳ ಅಂಚೆಯಲ್ಲಿ ನಮಗೆ ಬಂದ ಪತ್ರಗಳ ಪೈಕಿ ಒಂದು ಬೇರೆ ಬಗೆಯದಾಗಿತ್ತು. ವಿಜಯಪುರ ಜಿಲ್ಲೆಯ ಒಂದು ಊರಿನ ಸಮುದಾಯ ಭವನದ ಕಾರ್ಯದರ್ಶಿಗಳು ಬರೆದದ್ದು. "ಪೂಜ್ಯ ಶಾಸ್ತ್ರಿಗಳಿಗೆ ಶರಣು. ಬರುವ ಶ್ರಾವಣದ ಪ್ರವಚನಕ್ಕಾಗಿ ಕೈಯಲ್ಲಿ ಹಿಡಿಯುವ ಕಾರ್ಡ್‌ಲೆಸ್ ಮೈಕು ಕೊಳ್ಳಲು ಭಕ್ತರು ದೇಣಿಗೆ ಕೊಟ್ಟಿದ್ದಾರೆ. ಮತ್ತೆ ಮತ್ತೆ ಚಾರ್ಜು ಮಾಡುವ ಸೆಲ್ಲಿನದು ಒಳ್ಳೆಯದೋ, ಬಳಸಿ ಬಿಸಾಡುವ ಸೆಲ್ಲಿನದೋ? ಅಂಗಡಿಗೊಬ್ಬರು ಒಂದೊಂದು ಮಾತು ಹೇಳುತ್ತಾರೆ. ತಾವು ಊರೂರು ತಿರುಗಿದವರು, ತಮ್ಮ ಅಭಿಪ್ರಾಯ ತಿಳಿಸಬೇಕು" ಎಂದು ಕೇಳಿದ್ದಾರೆ. ಪತ್ರವನ್ನು ನೋಡಿ ನಮ್ಮ ಸಂಪಾದಕರು, "ಷಟ್‌ಸ್ಥಲದ ಪ್ರಶ್ನೆ ಬರುವ ಅಂಕಣಕ್ಕೆ ಸೆಲ್ಲಿನ ಪ್ರಶ್ನೆ ಬಂದಿದೆಯಲ್ಲ" ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಈ ವಿಷಯದಲ್ಲಿ ನಮ್ಮ ತಲೆಯ ಮೇಲೆ ಒಂದು ಹಳೆಯ ಋಣವಿದೆ.

ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ವಚನ ವಾಙ್ಮಯಗಳನ್ನು ಓದಿ ಬೆಳೆದವರು. ವಿದ್ಯುತ್ತಿನ ಶಾಸ್ತ್ರವನ್ನು ಯಾವ ಗುರುವೂ ನಮಗೆ ಹೇಳಿಕೊಡಲಿಲ್ಲ. ಇಲ್ಲಿ ಬರೆಯುತ್ತಿರುವುದೆಲ್ಲ ಮೈಕ್‌ಸೆಟ್ಟಿನ ಹುಡುಗರ ಪಕ್ಕದಲ್ಲಿ ಕುಳಿತು ಕೇಳಿದ್ದು, ಯಂತ್ರಗಳೊಡನೆ ಬರುವ ಪುಸ್ತಿಕೆಗಳನ್ನು ಕನ್ನಡಕ ಏರಿಸಿಕೊಂಡು ಓದಿದ್ದು, ಮತ್ತು ಒಮ್ಮೆ ಚೆನ್ನಾಗಿ ಪೆಟ್ಟು ತಿಂದು ಕಲಿತದ್ದು.

ನಮ್ಮ ಬಾಲ್ಯದಲ್ಲಿ ಮೈಕ್‌ಸೆಟ್ಟೆಂಬುದು ಜಾತ್ರೆಗೆ ಚಕ್ಕಡಿಯಲ್ಲಿ ಬರುತ್ತಿತ್ತು. ಊರಿಗೆ ಕರೆಂಟು ಇರಲಿಲ್ಲವಾದುದರಿಂದ ಮೋಟಾರಿನ ಬ್ಯಾಟರಿಯೊಂದು ಅದರ ಜೊತೆಗಿರುತ್ತಿತ್ತು. ಬೇವಿನ ಗಿಡಕ್ಕೆ ಹಾರ್ನು ಕಟ್ಟುವುದನ್ನು ನೋಡಲೆಂದೇ ನಾವು ಹುಡುಗರು ಶಾಲೆ ತಪ್ಪಿಸುತ್ತಿದ್ದೆವು. ಆ ದಿನ ಊರಿನಲ್ಲಿ ಸ್ವಾಮಿಗಳನ್ನು ಬಿಟ್ಟರೆ ಹೆಚ್ಚು ಮರ್ಯಾದೆ ಆ ಮೈಕಿನವನಿಗೇ ಸಲ್ಲುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ. ಆದರೆ ಆ ಮೈಕಿಗೆ ಬಾಲದಂತೆ ಒಂದು ವಾಯರು. ವಾಯರಿನ ಉದ್ದ ಎಷ್ಟೋ ಮಾತಿನ ಅಧಿಕಾರವೂ ಅಷ್ಟೇ. ವೇದಿಕೆಯ ಮೇಲೆ ಕುಳಿತವರು ಮಾತನಾಡಬೇಕು, ಕೆಳಗೆ ಕುಳಿತವರು ಕೇಳಬೇಕು. ಮೈಕು ಕೆಳಗಿಳಿದು ಬರುವಂತಿರಲಿಲ್ಲ. ಬಹಳ ವರ್ಷ ನಾವೂ ಅದನ್ನು ಸಹಜವೆಂದೇ ತಿಳಿದಿದ್ದೆವು.

ಇನ್ನು ಆ ಋಣದ ಸಂಗತಿ. 2018ರ ಶ್ರಾವಣದಲ್ಲಿ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಪ್ರವಚನ ಒಂದು ತಿಂಗಳು ನಡೆಯಿತು. ಊರಿನವರು ಹೊಸದಾಗಿ ಒಂದು ಕಾರ್ಡ್‌ಲೆಸ್ ಮೈಕು ತಂದಿದ್ದರು. ತಂದವರ ಉದ್ದೇಶ, ನಾವು ವೇದಿಕೆಯ ಮೇಲೆ ಅತ್ತಿತ್ತ ಓಡಾಡಿ ಮಾತನಾಡಲಿ ಎಂಬುದು. ನಮಗೋ ಮೊಣಕಾಲು ನೋವು, ಓಡಾಡುವವರು ಯಾರು? ನಾವು ಎಂದಿನಂತೆ ನಿಲುಗಂಬದ ಮೈಕಿನ ಮುಂದೆಯೇ ಕುಳಿತೆವು. ಹೊಸ ಮೈಕು ಬೀರುವಿನಲ್ಲಿ ಉಳಿಯಿತು. ಮಂಗಲದ ದಿನ ನಮಗೊಂದು ಯೋಚನೆ ಹೊಳೆದು, "ಇಂದು ಪ್ರವಚನದ ನಂತರ ಕೇಳುವವರು ಕೇಳಲಿ, ಆ ಮೈಕನ್ನು ಸಭೆಯೊಳಗೆ ಕಳಿಸಿ" ಎಂದೆವು. ಮೊದಲು ಮುಂದಿನ ಸಾಲಿನ ಹಿರಿಯರು ಇಬ್ಬರು ಮಾತನಾಡಿದರು. ಆಮೇಲೆ ಹೆಣ್ಣುಮಕ್ಕಳ ಕಡೆ, ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ಕುಳಿತಿದ್ದ ಎಪ್ಪತ್ತು ದಾಟಿದ ತಾಯಿಯೊಬ್ಬಳು ಎದ್ದು ನಿಂತಳು. ತಿಂಗಳು ಪೂರ್ತಿ ತಪ್ಪದೆ ಬಂದವಳು, ಒಂದು ದಿನವೂ ಬಾಯಿ ತೆರೆದವಳಲ್ಲ. ಹುಡುಗನೊಬ್ಬ ಓಡಿಹೋಗಿ ಮೈಕು ಕೊಟ್ಟ. ಆಕೆ ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಅದನ್ನು ಹಿಡಿದು, "ಯಪ್ಪಾ, ನಂದೊಂದು" ಎಂದಳು. ಅಷ್ಟಕ್ಕೇ ಮೈಕು ಸತ್ತಿತು.

ಹುಡುಗ ಗುಂಡಿ ಒತ್ತಿದ, ತಟ್ಟಿದ, ಸೆಲ್ಲು ತೆಗೆದು ಪಂಚೆಗೆ ಒರೆಸಿ ಮತ್ತೆ ಹಾಕಿದ. ಒಂದು ಕ್ಷಣ ಹಸಿರು ದೀಪ ಹತ್ತಿತು, ಆರಿತು. ಸಭೆಯಲ್ಲಿ ಯಾರೋ ನಕ್ಕರು. ನಾವು, "ತಾಯಿ, ಹಾಗೇ ಹೇಳಿ" ಎಂದೆವು. ಆಕೆಯ ಧ್ವನಿ ನಮ್ಮನ್ನು ಮುಟ್ಟಲಿಲ್ಲ, ನಮ್ಮ ಮಾತಿನ ಭಾವ ಆಕೆಯನ್ನು ಮುಟ್ಟಿತೋ ಇಲ್ಲವೋ. ತುಸು ನಿಂತು ಮೈಕನ್ನು ಹುಡುಗನ ಕೈಗಿತ್ತು ಕುಳಿತುಬಿಟ್ಟಳು. ಅಂದು ಮಹಾಪ್ರಸಾದದ ಗದ್ದಲ. ಮರುದಿನ ನಸುಕಿನಲ್ಲಿ ನಮಗೆ ಬೇರೆ ಊರಿನ ಬಸ್ಸು. ಕೇಳಬೇಕಾದದ್ದು ಕೇಳದೆ ಉಳಿಯಿತು.

ಮುಂದಿನ ವರ್ಷ ಅದೇ ಊರಿಗೆ ಹೋದಾಗ ಮೊದಲ ದಿನವೇ ಆಕೆಯ ಮನೆಗೆ ಹೋದೆವು. ಬಿಸಿ ಹಾಲು ಕೊಟ್ಟು, "ನನ್ನ ಮಾತ ಆ ಕೋಲಿಗೂ ಬ್ಯಾಡಾಗಿತ್ತು ಬಿಡ್ರೀ ಯಪ್ಪಾ" ಎಂದು ನಕ್ಕಳು. ಒತ್ತಾಯಿಸಿ ಕೇಳಿದ ಮೇಲೆ ಹೇಳಿದಳು: "ಪ್ರವಚನ ಸಂಜೀ ಏಳಕ್ಕ ಇಡ್ತೀರಿ. ಅದು ರೊಟ್ಟಿ ಬಡಿಯೂ ಹೊತ್ತು. ನಾ ಮುದುಕಿ, ಬರ್ತೀನಿ. ನಮ್ಮ ಸೊಸ್ತ್ಯಾರು ಒಂದಿನಾನೂ ಕೇಳಿಲ್ರೀ. ವಾರದಾಗ ಎರಡ ದಿನ ಮಧ್ಯಾಹ್ನ ಇಟ್ರ ಹ್ಯಾಂಗ, ಅಂತ ಕೇಳಾಕ ಎದ್ದಿದ್ದೆ." ನಮ್ಮ ಮೂವತ್ತು ವರ್ಷಗಳ ಪ್ರವಚನ ವೃತ್ತಿಯಲ್ಲಿ ಈ ಮಾತನ್ನು ಒಬ್ಬ ಗಂಡಸೂ ನಮಗೆ ಹೇಳಿರಲಿಲ್ಲ, ನಮಗೂ ತೋಚಿರಲಿಲ್ಲ. ಅದೇ ವಾರ ಸಮಿತಿಯವರೊಡನೆ ಮಾತನಾಡಿ ಸೋಮವಾರ, ಗುರುವಾರ ಮಧ್ಯಾಹ್ನ 3 ಗಂಟೆಗೆ ಪ್ರವಚನವಿಟ್ಟೆವು. ಹೆಣ್ಣುಮಕ್ಕಳ ಕಡೆ ಜಮಖಾನ ಸಾಲದೆ ಚಾಪೆ ತರಿಸಬೇಕಾಯಿತು. ಆದರೆ ಒಂದು ವರ್ಷದ ಶ್ರಾವಣ ಎರಡು ಸೆಲ್ಲಿನ ದೆಸೆಯಿಂದ ಹೋಯಿತಲ್ಲ ಎಂಬ ಕೊರಗು ನಮ್ಮಲ್ಲಿ ಉಳಿದಿದೆ. ಆದುದರಿಂದ, ಕಾರ್ಯದರ್ಶಿಗಳೇ, ಕೈಮೈಕನ್ನು ಪ್ರವಚನಕಾರರ ಅನುಕೂಲಕ್ಕೆಂದು ಆರಿಸಬೇಡಿ. ಪ್ರವಚನಕಾರನಿಗೆ ವಾಯರಿನ ಮೈಕು ಧಾರಾಳವಾಗಿ ಸಾಕು. ಅದು ಅಗ್ಗ, ಗಟ್ಟಿ, ಸೆಲ್ಲು ಕೇಳುವುದಿಲ್ಲ. ಕಾರ್ಡ್‌ಲೆಸ್ ಮೈಕು ಬೇಕಾದದ್ದು ಕೊನೆಯ ಸಾಲಿನಲ್ಲಿ ಎದ್ದು ನಿಲ್ಲುವವರಿಗೆ. ಅವರು ಎರಡನೆಯ ಸಲ ಏಳುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ.

ಅಂದು ಆದದ್ದೇನು? ಆ ಮೈಕಿನಲ್ಲಿದ್ದದ್ದು ಗೋಡೆಯ ಗಡಿಯಾರಕ್ಕೆ ಹಾಕುವ ಗಾತ್ರದ ಎರಡು ಪೆನ್ಸಿಲ್ ಸೆಲ್ಲು. ಈ ಗಾತ್ರಕ್ಕೆ ಎಎ ಎಂದು ಹೆಸರು. ಅವು ಚಾರ್ಜು ಮಾಡುವಂಥವೇ, ಆದರೆ ಹಳೆಯ ತಳಿಯ ನಿಕಲ್ ಸೆಲ್ಲು. ಮೂರು ವಾರದ ಹಿಂದೆ ಚಾರ್ಜು ಮಾಡಿ ಬೀರುವಿನಲ್ಲಿಟ್ಟಿದ್ದರು. ನಿಕಲ್-ಮೆಟಲ್ ಹೈಡ್ರೈಡ್ ಎಂಬ ಈ ಜಾತಿಯ ಹಳೆಯ ಸೆಲ್ಲುಗಳಿಗೆ ಒಂದು ದುರ್ಗುಣವಿದೆ. ಬಳಸದೆ ಸುಮ್ಮನೆ ಇಟ್ಟರೂ ತಿಂಗಳೊಳಗೆ ಕಾಲುಭಾಗದಷ್ಟು ಶಕ್ತಿ ತಾನಾಗಿ ಸೋರಿಹೋಗುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಸೆಲ್ಲು ಹಳತಾಗಿದ್ದರಂತೂ ಕೇಳುವುದೇ ಬೇಡ. ತುಂಬಿದ ಕೊಡವೆಂದು ತಿಳಿದು ಎತ್ತಿಕೊಂಡವರ ಕೈಗೆ ಅರ್ಧ ಕೊಡ ಬಂದಿತ್ತು.

ಹಾಗಿದ್ದರೆ ಹಸಿರು ದೀಪ ಏಕೆ ಉರಿಯುತ್ತಿತ್ತು? ಇದು ತಿಳಿಯಬೇಕಾದ ಸೂಕ್ಷ್ಮ. ಬಿಸಾಡುವ ಆಲ್ಕಲೈನ್ ಸೆಲ್ಲು 1.5 ವೋಲ್ಟಿನಿಂದ ಹೊರಟು ಇಳಿಜಾರಿನಲ್ಲಿ ಇಳಿದಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಆದುದರಿಂದ ಮೈಕಿನ ದೀಪ ಅದರ ಇಳಿತವನ್ನು ನೋಡಿ ಮುಂಚೆಯೇ ಎಚ್ಚರಿಕೆ ಕೊಡಬಲ್ಲುದು. ಚಾರ್ಜಿನ ನಿಕಲ್ ಸೆಲ್ಲು ಹಾಗಲ್ಲ. ಆರಂಭದಲ್ಲಿ ಸ್ವಲ್ಪ ಮೇಲಿದ್ದು, ಬೇಗನೆ 1.2 ವೋಲ್ಟಿಗೆ ಬಂದು, ಅಲ್ಲಿಯೇ ಸಮತಟ್ಟಾಗಿ ಬಹಳ ಹೊತ್ತು ನಿಂತು, ಕೊನೆಗೆ ಬಾವಿಗೆ ಬಿದ್ದಂತೆ ಒಮ್ಮೆಲೆ ಬೀಳುತ್ತದೆ. ಒಂದೇ ದೀಪವಿರುವ ಅಗ್ಗದ ಮೈಕುಗಳಲ್ಲಿ ಹಸಿರು ಕೆಂಪಾಗುವುದಕ್ಕೂ ಧ್ವನಿ ನಿಲ್ಲುವುದಕ್ಕೂ ನಡುವೆ ಒಂದು ಮಾತಿನಷ್ಟೂ ಅವಕಾಶ ಸಿಗದಿರುವುದುಂಟು. ಒಳ್ಳೆಯ ಮೈಕುಗಳಲ್ಲಿ "ಒಳಗಿರುವುದು ಯಾವ ಜಾತಿಯ ಸೆಲ್ಲು" ಎಂದು ಮೊದಲೇ ಹೇಳಿಡುವ ವ್ಯವಸ್ಥೆ ಇರುತ್ತದೆ. ಹಾಗೆ ಹೇಳಿಟ್ಟರೆ ಅವು ತೋರಿಸುವ ಲೆಕ್ಕ ನಂಬಿಕೆಗೆ ಅರ್ಹ. ಅಂಗಡಿಯಲ್ಲಿ ಬಣ್ಣ, ಹೊಳಪು ನೋಡುವ ಮೊದಲು ಇದನ್ನು ಕೇಳಿ.

ಇಷ್ಟು ಕೇಳಿದ ಮೇಲೆ ಬಿಸಾಡುವ ಸೆಲ್ಲೇ ವಾಸಿಯಲ್ಲವೇ ಎಂದು ಅನ್ನಿಸಬಹುದು. ನಾವೂ ಕೆಲಕಾಲ ಹಾಗೆಯೇ ನಂಬಿದ್ದೆವು. ಆದರೆ ಲೆಕ್ಕ ಹಾಕಿ ನೋಡಿ. ಎರಡು ಮೈಕು, ಮೈಕಿಗೆರಡು ಸೆಲ್ಲು, ಮೂವತ್ತು ದಿನದ ಪ್ರವಚನ. ನಡುವೆ ಕೈಕೊಡಬಾರದೆಂದು ಪ್ರತಿದಿನ ಹೊಸದು ಹಾಕಿದರೆ 120 ಸೆಲ್ಲು. ಎಲ್ಲವೂ ತಿಪ್ಪೆಗೆ. ಉಳಿತಾಯ ಮಾಡಲು ಹೋಗಿ "ನಿನ್ನೆಯದು ಇನ್ನೂ ಇದೆ" ಎಂದು ಬಿಟ್ಟರೆ ಮತ್ತೆ ಅದೇ ಅವಾಂತರ. ಚಾರ್ಜಿನ ಸೆಲ್ಲಾದರೆ ಅದೇ ಕೆಲಸಕ್ಕೆ ಎಂಟು ಸಾಕು: ನಾಲ್ಕು ಮೈಕಿನಲ್ಲಿ, ನಾಲ್ಕು ಚಾರ್ಜರಿನಲ್ಲಿ. ಪ್ರತಿದಿನವೂ ತುಂಬಿದ ಸೆಲ್ಲನ್ನು ನಿಶ್ಚಿಂತೆಯಿಂದ ಹಾಕಬಹುದಾದ ಸ್ವಾತಂತ್ರ್ಯವೇ ಅದರ ದೊಡ್ಡ ಗುಣ. ದುಡ್ಡಿನ ಉಳಿತಾಯ ಆಮೇಲಿನದು.

ಹಳೆಯ ತಳಿಯ ದುರ್ಗುಣಕ್ಕೂ ಈಗ ಪರಿಹಾರವಿದೆ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿಯು ಎನೆಲೂಪ್ ಎಂಬ ಹೆಸರಿನಲ್ಲಿ, ಇಟ್ಟಲ್ಲಿ ಸೋರದಂಥ ನಿಕಲ್ ಸೆಲ್ಲನ್ನು ಮಾರುಕಟ್ಟೆಗೆ ತಂದಿತು. ಈಗ ಆ ಹೆಸರು ಪ್ಯಾನಾಸೋನಿಕ್ ಕಂಪನಿಯ ಕೈಯಲ್ಲಿದೆ. ಬೇರೆ ಕಂಪನಿಗಳೂ ಅದೇ ಬಗೆಯವನ್ನು ಮಾಡುತ್ತವೆ. ವರ್ಷವಿಟ್ಟರೂ ಶಕ್ತಿಯ ಬಹುಪಾಲು ಉಳಿಯುತ್ತದೆ. ಪೊಟ್ಟಣದ ಮೇಲೆ "ಪ್ರೀ-ಚಾರ್ಜ್ಡ್" ಅಥವಾ "ರೆಡಿ ಟು ಯೂಸ್" ಎಂದು ಮುದ್ರಿಸಿದ್ದರೆ ಸಾಮಾನ್ಯವಾಗಿ ಅದು ಈ ತಳಿ. ಇವುಗಳ ಧಾರಣಶಕ್ತಿ ಸುಮಾರು 2000 ಎಂಎಎಚ್. ಸಂತೆಯಲ್ಲಿ ಎಎ ಗಾತ್ರದ ನಿಕಲ್ ಸೆಲ್ಲಿನ ಮೇಲೆ 3500, 4000 ಎಂದೆಲ್ಲ ಬರೆದು ಮಾರುವುದುಂಟು. ಆ ಗಾತ್ರದ ಡಬ್ಬಿಯಲ್ಲಿ ಅಷ್ಟು ಹಿಡಿಯುವುದಿಲ್ಲ. ಸೇರಿನ ಮೇಲೆ ಐದು ಸೇರು ಎಂದು ಬರೆದಂತೆ ಅದು.

ಗಾತ್ರ ಒಂದೇ ಇದ್ದ ಮಾತ್ರಕ್ಕೆ ಎಲ್ಲ ಸೆಲ್ಲೂ ಒಂದೇ ಎಂದು ಭಾವಿಸಬಾರದು. ಪೆನ್ಸಿಲ್ ಸೆಲ್ಲಿನಂತೆಯೇ ಕಾಣುವ, 14500 ಎಂದು ಅಂಕಿ ಹೊತ್ತ ಲಿಥಿಯಂ ಸೆಲ್ಲು 3.7 ವೋಲ್ಟಿನದು. ಎಎ ಸೆಲ್ಲಿನ ಮೈಕಿಗೆ ಅದನ್ನು ಹಾಕಿದರೆ ಮೈಕು ಸುಟ್ಟುಹೋಗಬಹುದು. ಮೊಬೈಲಿನ ಚಾರ್ಜರಿನಿಂದಲೇ ತುಂಬಬಹುದಾದ 1.5 ವೋಲ್ಟಿನ ಲಿಥಿಯಂ ಸೆಲ್ಲುಗಳು ಇತ್ತೀಚೆಗೆ ಬಂದಿವೆ. ನೋಡಲು ಬಹಳ ಅನುಕೂಲ. ಆದರೆ ವೋಲ್ಟನ್ನು ಇಳಿಸುವ ಪುಟ್ಟ ಯಂತ್ರ ಅವುಗಳ ಒಳಗಿರುವುದರಿಂದ ಕೆಲವು ಮೈಕುಗಳ ರೇಡಿಯೋ ಅಲೆಗೆ ಅದು ಗದ್ದಲ ಸೇರಿಸುತ್ತದೆ, ಮುಗಿಯುವಾಗ ಯಾವ ಮುನ್ಸೂಚನೆಯೂ ಇಲ್ಲದೆ ಕತ್ತರಿಸಿದಂತೆ ನಿಲ್ಲುತ್ತದೆ. ಕೊನೆಯ ಸಾಲಿನವರ ಕೈಗೆ ಕೊಡುವ ಮೈಕಿಗೆ ಈ ಎರಡನೆಯ ದೋಷ ಕ್ಷಮಿಸುವಂಥದ್ದಲ್ಲ. ಹಳೆಯ ಮೈಕುಗಳಲ್ಲಿರುವ ಚೌಕ ಆಕಾರದ 9 ವೋಲ್ಟಿನ ಬ್ಯಾಟರಿಯ ವಿಷಯ ಸಂಕ್ಷೇಪದಲ್ಲಿ ಹೇಳುವುದಾದರೆ, ಬೇಡ. ಅದರ ಚಾರ್ಜಿನ ರೂಪ ನಿಕಲ್‌ನದಾದರೆ 200ರಿಂದ 250 ಎಂಎಎಚ್ ಮಾತ್ರ. ಬಿಸಾಡುವುದರ ಅರ್ಧಕ್ಕೂ ಬಾರದು.

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ತೋರಿಸುವುದು ಒಳಗೇ ಬ್ಯಾಟರಿ ಕೂಡಿಸಿ ಮುಚ್ಚಿದ ಮೈಕು. ಮೊಬೈಲಿನಂತೆ ವಾಯರು ಸಿಕ್ಕಿಸಿ ಚಾರ್ಜು ಮಾಡುವುದು. ಮೊದಲೆರಡು ವರ್ಷ ಅದರಷ್ಟು ಸುಖ ಬೇರೆಯಿಲ್ಲ. ಆಮೇಲೆ ನಿಮ್ಮ ಹಳೆಯ ಮೊಬೈಲು ಮಧ್ಯಾಹ್ನಕ್ಕೇ ಚಾರ್ಜು ಬೇಡುವಂತೆ ಅದೂ ಬೇಡತೊಡಗುತ್ತದೆ. ಮೊಬೈಲಾದರೆ ನಿತ್ಯ ಕೈಯಲ್ಲಿರುವುದರಿಂದ ಅದರ ನಿತ್ರಾಣ ನಮಗೆ ಗೊತ್ತಾಗುತ್ತದೆ. ಮೈಕು ವರ್ಷದಲ್ಲಿ ಹತ್ತು ತಿಂಗಳು ಪೆಟ್ಟಿಗೆಯಲ್ಲಿ ಮಲಗುತ್ತದೆ. ಅದರ ನಿತ್ರಾಣ ತಿಳಿಯುವುದು ಸಭೆಯಲ್ಲಿಯೇ. ಸಾಲದ್ದಕ್ಕೆ ಲಿಥಿಯಂ ಬ್ಯಾಟರಿಗೆ ಪೂರ್ತಿ ತುಂಬಿಸಿ ಸೆಕೆಯಲ್ಲಿ ಇಡುವುದೂ ಆಗದು, ಪೂರ್ತಿ ಬರಿದಾಗಿಸಿ ಇಡುವುದೂ ಆಗದು. ಅರ್ಧ ತುಂಬಿ ತಂಪಿನಲ್ಲಿಡಬೇಕು. ವಿಜಯಪುರದ ಬೇಸಗೆಯಲ್ಲಿ, ತಗಡಿನ ಕೆಳಗಿನ ಬೀರುವಿನಲ್ಲಿ, ಆ ತಂಪು ಎಲ್ಲಿಂದ ತರೋಣ? ಬ್ಯಾಟರಿ ಸತ್ತಾಗ ಬಿಚ್ಚಿ ಬದಲಿಸುವಂತಿಲ್ಲದಿದ್ದರೆ ಇಡೀ ಮೈಕೇ ಗುಜರಿಗೆ. ಭಕ್ತರ ದೇಣಿಗೆಯ ವಸ್ತುವಿಗೆ ಈ ಗತಿ ಬರಬಾರದು. ಬಿಚ್ಚಿ ತೆಗೆಯುವಂಥ ಲಿಥಿಯಂ ಬ್ಯಾಟರಿಯಿದ್ದರೆ ಮಾತು ಬೇರೆ. ಶ್ಯೂರ್, ಸೆನ್‌ಹೈಸರ್‌ನಂಥ ಹೆಸರಾದ ಕಂಪನಿಗಳ ಕೆಲವು ಕೈಮೈಕುಗಳು ತಮ್ಮದೇ ಲಿಥಿಯಂ ಬ್ಯಾಟರಿಯನ್ನೂ ಸ್ವೀಕರಿಸುತ್ತವೆ, ಅದಿಲ್ಲದಾಗ ಎರಡು ಪೆನ್ಸಿಲ್ ಸೆಲ್ಲನ್ನೂ ಸ್ವೀಕರಿಸುತ್ತವೆ. ಬೆಲೆ ಹೆಚ್ಚು. ಎಲ್ಲ ಭವನಗಳಿಗೂ ಅದು ಬೇಕೆಂದು ನಾವು ಹೇಳಲಾರೆವು. ಆದರೆ ಆ ಯೋಜನೆಯ ಹಿಂದಿನ ವಿವೇಕ ನೋಡಿ: ಏನೂ ಸಿಗದ ಹೊತ್ತಿನಲ್ಲಿ ಕಿರಾಣಿ ಅಂಗಡಿಯ ಸೆಲ್ಲಾದರೂ ನಡೆಯಬೇಕು. ಅಗ್ಗದ ಮೈಕನ್ನು ಆರಿಸುವಾಗಲೂ ಇದೊಂದನ್ನು ಬಿಡಬೇಡಿ. ಹಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಸಿಗುವ ಸೆಲ್ಲು ಯಾವುದೋ, ಅದು ಕೂಡುವ ಮೈಕೇ ನಿಮ್ಮ ಮೈಕು.

ಚಾರ್ಜರಿನ ಕಡೆಗೆ ಸಮಿತಿಗಳ ಲಕ್ಷ್ಯ ಹೋಗುವುದೇ ಇಲ್ಲ. ಮೈಕಿಗೆ ಸಾವಿರಾರು ಸುರಿದು, ಚಾರ್ಜರನ್ನು ಮಾತ್ರ ಅತಿ ಅಗ್ಗದ್ದು ತರುತ್ತಾರೆ. ಪ್ರತಿ ಸೆಲ್ಲಿಗೂ ಬೇರೆ ಬೇರೆ ದೀಪವಿರುವ, ತುಂಬಿದ ಕೂಡಲೆ ತಾನೇ ನಿಲ್ಲುವ ಚಾರ್ಜರು ಬೇಕು. ಎರಡೆರಡು ಸೆಲ್ಲಿಗೆ ಒಂದೇ ದೀಪವಿರುವುದು ಸಾಮಾನ್ಯವಾಗಿ ಜೋಡಿಯನ್ನು ಒಟ್ಟಿಗೇ ಅಳೆಯುತ್ತದೆ. ಒಂದು ಸೆಲ್ಲು ಉಕ್ಕುವಷ್ಟು ತುಂಬಿ ಇನ್ನೊಂದು ಅರ್ಧಕ್ಕುಳಿಯುತ್ತದೆ. ಒಂದು ಗಂಟೆಯಲ್ಲಿ ತುಂಬಿಸುವ ಅವಸರದ ಚಾರ್ಜರು ಸೆಲ್ಲನ್ನು ಕಾಯಿಸಿ ಆಯುಷ್ಯ ತಿನ್ನುತ್ತದೆ. ನಾಲ್ಕೈದು ಗಂಟೆ ತೆಗೆದುಕೊಳ್ಳುವುದೇ ಹಿತ. ಜೊತೆಯಾಗಿ ಕೊಂಡ ಸೆಲ್ಲುಗಳನ್ನು ಜೊತೆಯಾಗಿಯೇ ಬಳಸಬೇಕು. ಅ-ಅ, ಆ-ಆ ಎಂದು ಶಾಯಿಯಿಂದ ಗುರುತು ಮಾಡಿಟ್ಟರೆ ಹಳೆಯದೂ ಹೊಸದೂ ಬೆರೆಯುವ ಭಯವಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸೆಲ್ಲು ಹೊರಗೆ ತೆಗೆಯಬೇಕು. 2020ರಲ್ಲಿ ಕೊರೋನಾದಿಂದ ಭವನಗಳೆಲ್ಲ ಮುಚ್ಚಿದ್ದವಲ್ಲ, ಆಗ ಒಂದು ಊರಿನಲ್ಲಿ ಬಿಸಾಡುವ ಸೆಲ್ಲನ್ನು ಮೈಕಿನೊಳಗೇ ಮರೆತಿದ್ದರು. ಬಾಗಿಲು ತೆರೆದಾಗ ಅವು ಸೋರಿ, ಕ್ಷಾರ ಹರಿದು, ಸ್ಪ್ರಿಂಗುಗಳು ಹಸಿರುಗಟ್ಟಿ ಮುರಿದಿದ್ದವು. ಹೆಚ್ಚು ದಿನ ಬಳಸದ ಮೈಕು ಅದೊಂದೇ ಕಾರಣಕ್ಕೆ ಹೋಯಿತು.

ಇನ್ನು ರೇಡಿಯೋ ಅಲೆಯ ವಿಷಯ. ಕಾರ್ಡ್‌ಲೆಸ್ ಮೈಕೆಂದರೆ ಪುಟ್ಟದೊಂದು ಆಕಾಶವಾಣಿ. ಅದಕ್ಕೂ ಒಂದು ಕಂಪನಸಂಖ್ಯೆ ಉಂಟು, ಪೆಟ್ಟಿಗೆಯ ಮೇಲೆ ಮೆಗಾಹರ್ಟ್ಜ್ ಎಂದು ಬರೆದಿರುತ್ತದೆ. ಅಂಗಡಿಯವನು ಹೇಳದಿದ್ದರೂ ಆ ಅಂಕಿಯನ್ನು ಓದಿ. 2022ರ ಆಗಸ್ಟಿನಲ್ಲಿ ಮುಗಿದ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಪಟ್ಟಿಯ, ಅಂದರೆ 703ರಿಂದ 748 ಮತ್ತು 758ರಿಂದ 803ರ, ಒಂದು ಭಾಗ ಮೊಬೈಲ್ ಸೇವೆಗೆ ಮಾರಾಟವಾಯಿತು. ಅದೇ ಅಕ್ಟೋಬರಿನಿಂದ ದೇಶದಲ್ಲಿ 5ಜಿ ಆರಂಭವಾಯಿತು. ಅದರ ಮೇಲಿನ 800, 900ರ ಪಟ್ಟಿಗಳಲ್ಲಿಯೂ ಮೊದಲಿನಿಂದ ಮೊಬೈಲಿನ ಸಂಚಾರವಿದೆ. ಹಳೆಯ ದಾಸ್ತಾನಿನ 700-800ರ ಮೈಕು ಅಗ್ಗಕ್ಕೆ ಸಿಕ್ಕರೆ ಅದು ಅಗ್ಗವಾದದ್ದು ಏಕೆಂದು ಯೋಚಿಸಿ. ಸಭೆಗೆ ಮುನ್ನೂರು ಜನ ಬರುತ್ತಾರೆಂದರೆ ಮುನ್ನೂರು ಮೊಬೈಲೂ ಬಂದಂತೆ. 2.4 ಗಿಗಾಹರ್ಟ್ಜ್‌ನ ಮೈಕುಗಳಿಗೆ ನಮ್ಮ ದೇಶದಲ್ಲಿ ಲೈಸೆನ್ಸಿನ ತೊಡಕಿಲ್ಲ, ಚಿಕ್ಕ ಕೋಣೆಯಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ ವೈಫೈಯೂ ಬ್ಲೂಟೂತೂ ಅದೇ ದಾರಿಯಲ್ಲಿ ಓಡಾಡುವವು, ಮನುಷ್ಯರ ಮೈ ಅಡ್ಡ ಬಂದರೆ ಆ ಅಲೆ ಬೇಗ ಸೊರಗುತ್ತದೆ. ತುಂಬಿದ ಸಭೆಯ ಕೊನೆಯ ಸಾಲಿಗೆ ಅದನ್ನು ನಂಬುವುದು ಕಷ್ಟ. 700ಕ್ಕಿಂತ ಕೆಳಗಿನ ಯುಎಚ್‌ಎಫ್ ಮೈಕು, ಅದರಲ್ಲಿಯೂ ಕಂಪನಸಂಖ್ಯೆಯನ್ನು ನಾವೇ ಬದಲಿಸಬಹುದಾದದ್ದು, ಭವನಕ್ಕೆ ಯೋಗ್ಯ. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಒಪ್ಪಿಗೆ ಪತ್ರ ಈ ಮಾದರಿಗೆ ಇದೆಯೇ ಎಂದು ಕೇಳಿ, ರಸೀದಿ ಪಡೆಯಿರಿ. ದೇಣಿಗೆಯ ಲೆಕ್ಕಕ್ಕೂ ರಸೀದಿ ಬೇಕಷ್ಟೆ.

ಅಲೆಯನ್ನು ಹಿಡಿಯುವ ರಿಸೀವರ್ ಪೆಟ್ಟಿಗೆಗೆ ಎರಡು ಕೋಲುಗಳಿದ್ದು, ಎರಡರಲ್ಲಿ ಯಾವುದಕ್ಕೆ ಚೆನ್ನಾಗಿ ಕೇಳುತ್ತದೆಯೋ ಅದನ್ನು ತಾನೇ ಆರಿಸಿಕೊಳ್ಳುವ ವ್ಯವಸ್ಥೆ ಇರಬೇಕು. ಬರೀ ತೋರಿಕೆಗೆ ಎರಡು ಕೋಲು ನೆಟ್ಟವೂ ಇರುತ್ತವೆ, ವಿಚಾರಿಸಿ. ಆ ಪೆಟ್ಟಿಗೆಯನ್ನು ಆಂಪ್ಲಿಫೈಯರಿನ ಜೊತೆಗೆ ಕಬ್ಬಿಣದ ಬೀರುವಿನಲ್ಲಿಟ್ಟು ಬಾಗಿಲು ಹಾಕುವ ಪದ್ಧತಿ ನಮ್ಮ ಭವನಗಳಲ್ಲಿ ವ್ಯಾಪಕವಾಗಿದೆ. ಕಿವಿಗೆ ಅರಳೆ ಇಟ್ಟು, ಕೇಳಿಸುವುದಿಲ್ಲವೆಂದು ದೂರಿದಂತೆ. ಜನ ಕುಳಿತ ತಲೆಗಳಿಗಿಂತ ಎತ್ತರದಲ್ಲಿ, ಬಯಲಾಗಿ, ಸಭೆ ಕಾಣುವಂತೆ ಇಡಬೇಕು.

ಮೈಕು ಹಿಡಿಯುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಕೆಟ್ಟ ಹಿಡಿತಕ್ಕೆ ಒಳ್ಳೆಯ ಮೈಕೂ ಸೋಲುತ್ತದೆ. ಜಾಳಿಗೆಯ ತಲೆಯನ್ನು ಮುಷ್ಟಿಯಿಂದ ಮುಚ್ಚಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕುಯ್ಯೆಂದು ಕೂಗುತ್ತದೆ. ಬುಡದಲ್ಲಿ ಹಿಡಿದರೆ ಎಷ್ಟೋ ಮೈಕುಗಳಲ್ಲಿ ಅಲೆ ಹೊರಡುವ ಕೋಲು ಅಲ್ಲಿಯೇ ಇರುವುದರಿಂದ ಅಲೆ ಕುಗ್ಗುತ್ತದೆ. ನಡುವೆ ಹಿಡಿದು ಬಾಯಿಂದ ನಾಲ್ಕು ಬೆರಳು ಅಂತರದಲ್ಲಿಡಬೇಕು. ಅಂತರ ಇಮ್ಮಡಿಯಾದರೆ ಮೈಕಿಗೆ ತಲುಪುವ ಧ್ವನಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ಸಂಕೋಚದಿಂದ ಎದೆಯ ಮಟ್ಟಕ್ಕೆ ಇಳಿಸಿದವರ ಮಾತು ಏಕೆ ಕೇಳಿಸದೆಂಬುದಕ್ಕೆ ಇದೇ ಕಾರಣ. ಮೊದಲ ಸಲ ಮೈಕು ಹಿಡಿದ ಹೆಣ್ಣುಮಕ್ಕಳು ಹಾಗೆ ಇಳಿಸುವುದೇ ಹೆಚ್ಚು. ಕೊಡಲು ಹೋದ ಹುಡುಗ ಹುಡುಗಿಯರು ಪಕ್ಕದಲ್ಲಿ ನಿಂತು, "ಅವ್ವಾ, ಸ್ವಲ್ಪ ಮ್ಯಾಲ ಹಿಡೀರಿ" ಎಂದರೆ ಸಾಕು. ಕಿತ್ತುಕೊಂಡು ತಾವೇ ಹಿಡಿಯಬಾರದು.

ಹಿರಿಯರ ಕಿವಿಯ ಬಗ್ಗೆ ಒಂದು ಮಾತು. ವಯಸ್ಸಾದಂತೆ ಮೊದಲು ಮಂಕಾಗುವುದು ಮೇಲಿನ ಸ್ಥಾಯಿಯ ಧ್ವನಿ. ಸ, ಶ, ಕ, ತ, ಚಗಳಂಥ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ. ಒಂದು ಊರಿನಲ್ಲಿ ನಾವು "ಕಾಲ ಬಂದಾಗ ಯಾರೂ ತಪ್ಪಿಸಿಕೊಳ್ಳಲಾರರು" ಎಂದದ್ದನ್ನು ಹಿಂದೆ ಕುಳಿತ ಹಿರಿಯರೊಬ್ಬರು "ಸಾಲ ಬಂದಾಗ" ಎಂದು ಕೇಳಿಸಿಕೊಂಡು, ಪ್ರವಚನದ ನಂತರ ಬಂದು, ಸೊಸೈಟಿಯ ಸಾಲ ಮನ್ನಾ ಆಗುವ ಸುದ್ದಿ ಏನಾದರೂ ಉಂಟೇ ಎಂದು ಕೇಳಿದರು. ಇಂಥಲ್ಲಿ ಆಂಪ್ಲಿಫೈಯರಿನ ಧ್ವನಿ ಏರಿಸಿದರೆ ಪ್ರಯೋಜನವಿಲ್ಲ, ಗದ್ದಲ ಏರುತ್ತದೆ. ಬಾಸ್ ಎಂಬ ತಿರುಗಣಿಯನ್ನು ಇಳಿಸಬೇಕು, ಮೈಕನ್ನು ಬಾಯಿಗೆ ಸಮೀಪ ತರಬೇಕು, ಮಾತನಾಡುವವರು ನಿಧಾನಿಸಬೇಕು. ಈ ಕೊನೆಯದು ನಮಗೂ ಅನ್ವಯಿಸುತ್ತದೆ.

ಕೊಳ್ಳುವ ಮೊದಲು ಅಂಗಡಿಯಲ್ಲಿ "ಹಲೋ ಹಲೋ" ಎಂದು ಪರೀಕ್ಷಿಸಿ ಬಂದರೆ ಏನೂ ತಿಳಿಯುವುದಿಲ್ಲ. ನೂರು ಮೀಟರು ಎಂದು ಪೆಟ್ಟಿಗೆಯ ಮೇಲೆ ಬರೆದದ್ದು ಬಯಲಿನ ಲೆಕ್ಕ. ಮೈಕನ್ನು ನಿಮ್ಮ ಭವನಕ್ಕೇ ತರಿಸಿ, ಯಾವುದಾದರೂ ಮದುವೆಯ ದಿನ, ಜನ ತುಂಬಿದಾಗ, ಹೆಣ್ಣುಮಕ್ಕಳ ಕಡೆಯ ಕೊನೆಯ ಕಂಬದ ಹಿಂದೆ ನಿಂತು ಮಾತನಾಡಿ ನೋಡಿ. ನಿಮ್ಮದೇ ಸೆಲ್ಲು ತುಂಬಿಸಿ ಹಾಕಿ, ಗುಂಡಿ ಒತ್ತಿ ಬಿಟ್ಟು, ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಗಡಿಯಾರ ನೋಡಿ ಬರೆದಿಡಿ. ಅದರ ಅರ್ಧದಷ್ಟನ್ನೇ ನಂಬಿ. ಎರಡು ಮೈಕು ಇದ್ದರೆ ಎರಡನ್ನೂ ಒಟ್ಟಿಗೆ ಹಚ್ಚಿ ನೋಡಬೇಕು. ಒಂದರ ಮಾತು ಇನ್ನೊಂದಕ್ಕೆ ಅಡ್ಡ ಬರುವುದುಂಟು. ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಮಾತನ್ನು ಮೊದಲೇ ಆಡಿಕೊಳ್ಳಿ. ಇದಕ್ಕೆ ಒಪ್ಪುವ ಅಂಗಡಿಯವನು ನಾಳೆ ರಿಪೇರಿಗೂ ಸಿಗುತ್ತಾನೆ.

ಕೊನೆಯದಾಗಿ, ಯಾರ ಕೈಯಲ್ಲಿ ಇಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಎಲ್ಲರ ಮೈಕು ಎಂದರೆ ಯಾರದೂ ಅಲ್ಲದ ಮೈಕು. ಆ ಬೆಳಗಾವಿ ಸೀಮೆಯ ಊರಿನಲ್ಲಿ 2019ರಲ್ಲಿ ಹೊಸ ಮೈಕು ಕೊಂಡಾಗ ಸಮಿತಿಯವರು ಈ ವಿಚಾರವಾಗಿ ಒಂದು ಗಂಟೆ ಚರ್ಚಿಸಿದರು. ಆಗ ಹಿಂದಿನಿಂದ ಅದೇ ತಾಯಿ, "ನಮ್ಮ ಹುಡುಗಿ ಇಟಗೊಂತಾಳ ಕೊಡ್ರಿ" ಎಂದಳು. ಮೊಮ್ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ನಲವತ್ತು ಪುಟದ ನೋಟುಬುಕ್ಕಿನಲ್ಲಿ ಗೆರೆ ಹಾಕಿ, ಯಾವ ಜೋಡಿ ಎಂದು ತುಂಬಿಸಿತು, ಎಂದು ಹಾಕಿತು, ಎಷ್ಟು ಹೊತ್ತು ನಡೆಯಿತು ಎಂದು ಬರೆಯುತ್ತ ಬಂದಳು. ಕಳೆದ ಶ್ರಾವಣದಲ್ಲಿ ನಾವು ಹೋದಾಗ ಅದು ಮೂರನೆಯ ನೋಟುಬುಕ್ಕು. ಆಕೆ ಈಗ ಪಟ್ಟಣದ ಕಾಲೇಜಿಗೆ ಹೋಗುತ್ತಾಳಾದ್ದರಿಂದ ಪೆಟ್ಟಿಗೆಯ ಬೀಗದಕೈ ಅಜ್ಜಿಯ ಸೊಂಟದಲ್ಲಿತ್ತು. ಅ-ಅ ಗುರುತಿನ ಜೋಡಿಗೆ ಆಯುಷ್ಯ ಮುಗಿಯಿತೆಂದೂ ಸಮಿತಿಯವರಿಗೆ ಹೇಳಿ ಹೊಸದು ತರಿಸಬೇಕೆಂದೂ ಆಕೆ ನಮಗೇ ಜ್ಞಾಪಿಸಿದಳು. ನಾವು ಅಂದೇ ಹೇಳಿದೆವು. ನಾಲ್ಕು ದಿನದಲ್ಲಿ ಬಂತು.